ಜಾನುವಾರು ಹರಾಜುಗಾರನಿಗೆ ರೈತರು ಅಷ್ಟೊಂದು ಗೌರವ ಕೊಡುವುದೇಕೆ?

ಕೂಗುವ ಗಂಟಲಿಗಿಂತ ಹೆಚ್ಚಾಗಿ, ರಾಸನ್ನು ಅಳೆಯುವ ಕಣ್ಣಿಗೂ ನೇರ ನಡೆಗೂ ಆ ಗೌರವ ಸಲ್ಲುತ್ತದೆ. ಹರಾಜುಗಾರನು ಸಾಮಾನ್ಯವಾಗಿ ಮಾರುವವನ ಪ್ರತಿನಿಧಿಯಾಗಿದ್ದು ಕಮಿಷನ್ ಪಡೆಯುತ್ತಾನಾದರೂ, ಬೆಲೆ ಏರಿಸಲು ಯಾರೂ ಕೂಗದ ಮೊತ್ತವನ್ನು ಕೂಗಿದರೆಂದು ನಟಿಸಿದರೆ ಕೊಳ್ಳುವವರ ನಂಬಿಕೆಯನ್ನೇ ಕಳೆದುಕೊಳ್ಳುತ್ತಾನೆ. ಹರಾಜಿಗೆ ಮುನ್ನ ಅವನು ಹಲ್ಲು ನೋಡಿ ವಯಸ್ಸನ್ನು (ದನಗಳಿಗೆ ಸುಮಾರು 2 ವರ್ಷಕ್ಕೆ ಮೊದಲ ಜೊತೆ ಶಾಶ್ವತ ಬಾಚಿಹಲ್ಲು ಮೂಡುತ್ತದೆ), ಮೈಕಟ್ಟು ನೋಡಿ ತೂಕವನ್ನು ಅಂದಾಜಿಸಿ, ಎಷ್ಟರಿಂದ ಕೂಗು ಆರಂಭಿಸಬೇಕೆಂದು ನಿರ್ಧರಿಸುತ್ತಾನೆ. ಕೂಗು ನಡೆಯುವಾಗ ಒಬ್ಬನ ಹುಬ್ಬಿನ ಅಲುಗಾಟವಾಗಲಿ, ಇನ್ನೊಬ್ಬನು ಎತ್ತಿದ ಕಿರುಬೆರಳಾಗಲಿ ಅವನ ಕಣ್ತಪ್ಪಬಾರದು. ಸುತ್ತಿಗೆ ಬಿದ್ದರೆ ವ್ಯವಹಾರ ಮುಗಿಯಿತು. ಮೇವಿಲ್ಲದೆ ಹಿಂಡನ್ನೇ ಮಾರಲು ಬಂದ ರೈತನಿಗೆ, “ಇಂದು ಇದಕ್ಕಿಂತ ಹೆಚ್ಚು ಹುಟ್ಟದು” ಎಂದು ಮೆಲ್ಲನೆ ಹೇಳಬೇಕಾದವನೂ ಅವನೇ. ನನ್ನ ಮಟ್ಟಿಗೆ ಈ ವೃತ್ತಿಯ ಕಠಿಣ ಭಾಗವದು.