ಕಿಡ್ನಿ ಕಸಿ ಆದ ಅಪ್ಪನಿಗೆ ಬಿಡದ ತಲೆನೋವು. ಬೆನ್ನಿನ ನೀರು ತೆಗೆಸಬೇಕಾ?

ಮಿದುಳು, ಬೆನ್ನುಹುರಿಯ ಸುತ್ತ ಇರುವ ನೀರನ್ನು ಬೆನ್ನಿಗೆ ಸೂಜಿ ಹಾಕಿ ತೆಗೆದರೆ ಅಪ್ಪನ ಸೊಂಟ ಬಿದ್ದುಹೋಗುತ್ತಾ ಅಂತ ಕೇಳಿದ್ದೀರಿ. ಐದು ವರ್ಷದ ಹಿಂದೆ ವಾರ್ಡಿನ ಬಾಗಿಲಲ್ಲಿ ನಿಂತು ನಾನೂ ಇದನ್ನೇ ಕೇಳಿದ್ದೆ.

ನಮ್ಮ ಯಜಮಾನರಿಗೆ ಅತ್ತೆಯ ಕಿಡ್ನಿ ಹಾಕಿ ಒಂದೂವರೆ ವರ್ಷ ಆಗಿತ್ತು. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಅಂತ ದಿನವೂ ಟ್ಯಾಕ್ರೊಲಿಮಸ್, ಸ್ಟೀರಾಯ್ಡ್. ತಲೆನೋವು ಬಂದಾಗ ಬಿಪಿ ಇರಬೇಕು ಅಂದುಕೊಂಡೆವು. ಮೂರು ವಾರ ಪ್ಯಾರಾಸಿಟಮಾಲ್ ನುಂಗಿದರು. ಸಂಜೆ ಸ್ವಲ್ಪ ಮೈ ಬಿಸಿ, ಅಷ್ಟೇ. ಕುತ್ತಿಗೆ ಬಿಗಿದಿರಲಿಲ್ಲ. ಆ ಮಾತ್ರೆಗಳು ಮೈಯ ಪ್ರತಿರೋಧ ತಗ್ಗಿಸಿರುತ್ತವಲ್ಲ, ಸೋಂಕಿದ್ದರೂ ಲಕ್ಷಣ ಜೋರಾಗಿ ಕಾಣಲ್ಲ. ಆಮೇಲೆ ವಾಂತಿ. ಒಂದು ಲೋಟ ಎರಡಾಗಿ ಕಾಣ್ತಿದೆ ಅಂದರು.

ಸಿಟಿ ಸ್ಕ್ಯಾನ್ ನಾರ್ಮಲ್ ಬಂತು. ನಾನು ಎಡವಿದ್ದು ಇಲ್ಲೇ. ಸ್ಕ್ಯಾನೇ ಸರಿಯಿದ್ದ ಮೇಲೆ ಬೆನ್ನಿಗೆ ಯಾಕೆ ಚುಚ್ಚಬೇಕು ಅಂತ ಸಹಿ ಹಾಕಲಿಲ್ಲ. ಊರಲ್ಲಿ ಯಾರಿಗೋ ಹಾಗೆ ಚುಚ್ಚಿ ಕಾಲೇ ಹೋಯ್ತಂತೆ ಅಂತ ಮಾವ ಬೇರೆ ಫೋನಿನಲ್ಲಿ ಹೇಳಿದ್ದರು. ನಾಲ್ಕು ದಿನ ತಳ್ಳಿದೆ. ಗಡ್ಡೆ, ರಕ್ತಸ್ರಾವ ಇದ್ದರೆ ಸ್ಕ್ಯಾನಿನಲ್ಲಿ ಕಾಣುತ್ತೆ, ನೀರಿನಲ್ಲಿರುವ ಫಂಗಸ್ ಕಾಣಲ್ಲ. ನಾರ್ಮಲ್ ಅನ್ನುವ ಒಂದು ಪದ ಹಿಡಿದುಕೊಂಡು ನಾನು ಕೂತಿದ್ದ ಅಷ್ಟೂ ಹೊತ್ತು ತಲೆಯೊಳಗೆ ಒತ್ತಡ ಏರುತ್ತಿತ್ತು, ಕಣ್ಣಿನ ನರ ನಲುಗುತ್ತಿತ್ತು.

ಐದನೇ ದಿನ ಅವರು ನನ್ನನ್ನು "ಅಮ್ಮಾ" ಅಂತ ಕರೆದರು. ಸಹಿ ಹಾಕಿದೆ.

ಸೂಜಿ ಹಾಕುವ ಜಾಗದಲ್ಲಿ ಬೆನ್ನುಹುರಿಯೇ ಇರಲ್ಲ, ಅದು ಇನ್ನೂ ಮೇಲೇ ಮುಗಿದಿರುತ್ತೆ. ಆ ನೀರಿನ ಒತ್ತಡ 20 ಸೆಂ.ಮೀ. ಒಳಗಿರಬೇಕಿತ್ತು, ಇವರದು 38. ನೀರಿಗೆ ಇಂಡಿಯಾ ಇಂಕ್ ಅನ್ನುವ ಕಪ್ಪು ಶಾಯಿ ಬೆರೆಸಿ ನೋಡಿದ ಚಿತ್ರವನ್ನು ಡಾಕ್ಟರು ಮೊಬೈಲಿನಲ್ಲಿ ತೋರಿಸಿದರು. ಕಪ್ಪಿನ ನಡುವೆ ದುಂಡನೆಯ ಬಿಳಿ ಬಳೆಗಳು. ಕ್ರಿಪ್ಟೊಕಾಕಸ್ ಅನ್ನುವ ಫಂಗಸ್. ಪಾರಿವಾಳದ ಹಿಕ್ಕೆಯಲ್ಲಿ, ಮಣ್ಣಿನಲ್ಲಿ ಇರುತ್ತೆ, ಉಸಿರಿನ ಜೊತೆ ಒಳಗೆ ಹೋಗುತ್ತೆ. ನೀರು ತೆಗೆದ ಸಂಜೆಯೇ ಎದ್ದು ಕೂತು ಗಂಜಿ ಕೇಳಿದರು. ಒತ್ತಡ ಇಳಿಸಲು ಮತ್ತೆ ಐದು ಸಲ ತೆಗೆದರು. ಫಂಗಸ್ ಕೊಲ್ಲುವ ಔಷಧಿ ಆಂಫೊಟೆರಿಸಿನ್, ಫ್ಲೂಸೈಟೊಸಿನ್ ಎರಡು ವಾರ, ಆಮೇಲೆ ಫ್ಲುಕೊನಜೋಲ್ ಒಂದು ವರ್ಷ. ಕಿಡ್ನಿ ಉಳಿಯಿತು. ನಡೆದಾಡುತ್ತಾರೆ. ಎಡಗಣ್ಣು ಮಾತ್ರ ಬರಲಿಲ್ಲ.

ಹಾಗಾಗಿ ತೆಗೆಸಬೇಕಾ ಅನ್ನುವ ಪ್ರಶ್ನೆಯನ್ನೇ ಬಿಡಿ. ಡಾಕ್ಟರು ಬೇಕು ಅಂದಿದ್ದಾರೆ, ಇವತ್ತೇ ಸಹಿ ಹಾಕಿ. ಒತ್ತಡ ಅಳೆಯುತ್ತೀರಾ, ಆ ಫಂಗಸ್ ಪತ್ತೆ ಮಾಡುವ ಕ್ರಿಪ್ಟೊಕಾಕಲ್ ಆಂಟಿಜೆನ್ ಟೆಸ್ಟ್ ಕಳಿಸುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ಕಸಿಯ ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ. ಫ್ಲುಕೊನಜೋಲ್ ಶುರುವಾದರೆ ರಕ್ತದಲ್ಲಿ ಟ್ಯಾಕ್ರೊಲಿಮಸ್ ಏರುತ್ತೆ, ಡೋಸ್ ಅವರೇ ತಗ್ಗಿಸಬೇಕು.

ಅಪ್ಪನಿಗೆ ಎಲ್ಲ ಎರಡೆರಡಾಗಿ ಕಾಣ್ತಿದೆಯಾ ಅಂತ ಈಗಲೇ ಹೋಗಿ ಕೇಳಿ. ಹೌದು ಅಂದರೆ ಬೆಳಗಾಗುವವರೆಗೂ ಕಾಯಬೇಡಿ.