ಹದಿನೆಂಟು ಸಾವಿರಕ್ಕೆ ಮಗಳನ್ನು ಕಳಿಸಬೇಕೇ?

ಸೋಮವಾರಪೇಟೆಯ ಓದುಗರೊಬ್ಬರ ಪತ್ರ: 'ಮಗಳು ಬಿ.ಎಸ್ಸಿ. ಮುಗಿಸಿದ್ದಾಳೆ. ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಕೆಲಸ ಸಿಕ್ಕಿದೆ, ತಿಂಗಳಿಗೆ 18 ಸಾವಿರ. ಪಿ.ಜಿ. ಬಾಡಿಗೆ, ಊಟಕ್ಕೇ ಸಾಲದು. ಕಳಿಸಬೇಕೇ?'

ಕಳಿಸಿ ಸ್ವಾಮಿ, ಕಳಿಸಿ. ನಿಮ್ಮ ಲೆಕ್ಕ ತಪ್ಪಲ್ಲ. ಹೊಸಬರಿಗೆ ಸಾಮಾನ್ಯವಾಗಿ 15ರಿಂದ 25 ಸಾವಿರ, ಬೆಂಗಳೂರಿನಲ್ಲಿ ಅದು ಕಷ್ಟವೇ. ಆದರೆ ಮೆಣಸಿನ ಬಳ್ಳಿ ನೆಟ್ಟು ಮೂರು ವರ್ಷ ಸುಮ್ನೆ ಕಾಯುತ್ತೀರಿ, ಅಲ್ವಾ? ಮಗಳಿಂದ ಮಾತ್ರ ಮೊದಲ ತಿಂಗಳೇ ಫಸಲು ಬೇಕೇ?

ಮೆಡಿಕಲ್ ಕೋಡಿಂಗ್ ಸುಮ್ಮನೆ ಟೈಪ್ ಮಾಡುವ ಕೆಲಸ ಅಲ್ಲ. ಅಮೆರಿಕದ ಡಾಕ್ಟರು ಬರೆದದ್ದನ್ನು ಓದಿ, ಕಾಯಿಲೆಗೆ ಐಸಿಡಿ ಕೋಡ್, ಚಿಕಿತ್ಸೆಗೆ ಸಿಪಿಟಿ ಕೋಡ್ ಹಾಕಬೇಕು. ಇನ್ಶೂರೆನ್ಸ್ ಕಂಪನಿ ದುಡ್ಡು ಕೊಡುವುದು ಆ ಕೋಡ್ ನೋಡಿಯೇ, ತಪ್ಪಿದರೆ ಕ್ಲೇಮ್ ವಾಪಸ್. 2015ರ ಅಕ್ಟೋಬರ್ 1ರಂದು ಅಮೆರಿಕ ಐಸಿಡಿಯ ಹತ್ತನೇ ಆವೃತ್ತಿಗೆ ಬದಲಾದಾಗ ಸುಮಾರು 14 ಸಾವಿರವಿದ್ದ ಕಾಯಿಲೆ ಕೋಡುಗಳು 68 ಸಾವಿರ ದಾಟಿದವು. ಬಾತುಕೋಳಿ ಬಡಿದು ಗಾಯವಾದರೂ ಕೋಡ್ ಇದೆ! ಆನೆಗೆ ಮಾತ್ರ ಹೆಸರಿಲ್ಲ, 'ಇತರ ಸಸ್ತನಿ'ಗಳ ಸಾಲಿನಲ್ಲಿ ನಿಲ್ಲಬೇಕು. ಆನೆ ಕಾಟ ಅನುಭವಿಸುವ ಕೊಡಗಿನ ಸಿದ್ದಾಪುರದವರು ಕೇಳಿದರೆ ಏನೆನ್ನುತ್ತಾರೋ.

ಕೆಲಸ ಮಾಡುತ್ತಲೇ ಸಿಪಿಸಿ ಎನ್ನುವ ಕೋಡರುಗಳ ಸರ್ಟಿಫಿಕೇಟ್ ಪರೀಕ್ಷೆ ಬರೆಯಲಿ. 4 ಗಂಟೆ, 100 ಪ್ರಶ್ನೆ, ಪಾಸಾಗಲು 70 ಪರ್ಸೆಂಟ್. ಕೋಡ್ ಪುಸ್ತಕ ಎದುರಿಗಿಟ್ಟುಕೊಂಡೇ ಬರೆಯಬಹುದು, ಆದರೂ ಸುಲಭ ಅಲ್ಲ. ಹೊಸಬರ ಸರ್ಟಿಫಿಕೇಟಿಗೆ ಅಪ್ರೆಂಟಿಸ್ ಅನ್ನುವ 'ಎ' ಬಾಲ ಇರುತ್ತದೆ, ಅನುಭವ ತೋರಿಸಿದ ಮೇಲೆ ಕಳಚುತ್ತದೆ. ನಾಲ್ಕೈದು ವರ್ಷ ಪಳಗಿ, ಸರ್ಜರಿ ಅಥವಾ ಇನ್‌ಪೇಷೆಂಟ್ (ಆಸ್ಪತ್ರೆಗೆ ದಾಖಲಾದವರ) ಕೋಡಿಂಗ್ ಕೈಗೆ ಹತ್ತಿದವರ ಸಂಬಳ 50 ಸಾವಿರ ದಾಟುವುದುಂಟು. ಸುಲಭದ ಚಾರ್ಟುಗಳನ್ನು, ಅಂದರೆ ರೋಗಿಗಳ ದಾಖಲೆಗಳನ್ನು, ಈಗ ಸಾಫ್ಟ್‌ವೇರೇ ಮಾಡುತ್ತಿದೆ, ನಿಜ. ಅದಕ್ಕೇ ಅವಳು ಬೇಗ ಕಷ್ಟದ ಚಾರ್ಟುಗಳಿಗೆ, ಬೇರೆಯವರು ಹಾಕಿದ ಕೋಡ್ ಪರಿಶೀಲಿಸುವ ಆಡಿಟಿಂಗಿಗೆ ಹೋಗಬೇಕು.

'ಮೂರೇ ತಿಂಗಳಲ್ಲಿ 50 ಸಾವಿರ' ಎನ್ನುವ ತರಬೇತಿ ಕೇಂದ್ರಗಳನ್ನು ಮಾತ್ರ ನಂಬಬೇಡಿ. ಅಂಥದೊಂದು ಜಾಹೀರಾತು ನಮಗೂ ಬಂದಿತ್ತು, ಹಾಕಲಿಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳ ಬಿ.ಎಸ್ಸಿ. ಮದುವೆ ಕಾಗದದಲ್ಲಿ ಅಚ್ಚಾಗುವುದಕ್ಕಷ್ಟೇ ಬಳಕೆಯಾಗುತ್ತದೆ. ಮದುವೆಯ ಪೆಂಡಾಲಿಗೆ ಚೌಕಾಸಿ ಮಾಡದವರು ಪರೀಕ್ಷೆ ಫೀಸಿಗೆ ಮೂರು ಸಲ ಯೋಚಿಸುತ್ತಾರೆ. ಇನ್ನು, ಪಳಗಿದ ಕೋಡರುಗಳಿಗೆ ಮನೆಯಿಂದಲೇ ಕೆಲಸ ಕೊಡುವ ಕಂಪನಿಗಳಿವೆ. ಮುಂದೊಂದು ದಿನ ನಿಮ್ಮ ಮಗಳು ಸೋಮವಾರಪೇಟೆಯಲ್ಲೇ ಕೂತು ದುಡಿಯಬಹುದು. ಆದರೆ ಜುಲೈ ಬಂತೆಂದರೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಹಿಂದೆಯೇ ಮೊಬೈಲ್ ಸಿಗ್ನಲ್ಲೂ. ಓಟು ಕೇಳಲು ಬಂದವರನ್ನು ಮಳೆಗೆ ಮೊದಲು ಲೈನ್ ಮೇಲಿನ ಕೊಂಬೆ ಕಡಿಸುತ್ತೀರಾ ಎಂದು ಕೇಳಿದ್ದೀರಾ?