ಅಕ್ಕಿ ಮಂಡಕ್ಕಿ ಆದರೆ ಅದು ಯಾವ ಬದಲಾವಣೆ?

ಪ್ರಶ್ನೆ: ನಮ್ಮ ಯಜಮಾನರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಮಗಳು ಏಳನೇ ಕ್ಲಾಸು. ಅಕ್ಕಿ ಮಂಡಕ್ಕಿ ಆಗೋದು ಭೌತ ಬದಲಾವಣೆ ಅಂತ ಅವಳು ಬರೆದಿದ್ದಳು. ಅದು ತಪ್ಪು, ಮಂಡಕ್ಕಿ ಮತ್ತೆ ಅಕ್ಕಿ ಆಗಲ್ಲ, ಹಾಗಾಗಿ ರಾಸಾಯನಿಕ ಬದಲಾವಣೆ ಅಂತ ಟ್ಯೂಷನ್‌ನಲ್ಲಿ ಹೇಳಿದರಂತೆ. ಯಾವುದು ಸರಿ ಟೀಚರ್?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಮಗಳು ಬರೆದದ್ದೇ ಸರಿ ತಾಯಿ. ಅವಳಿಗೆ ಇವತ್ತೇ ಹೇಳಿಬಿಡಿ.

ವಾಪಸ್ ಬರುತ್ತಾ ಇಲ್ಲವಾ ಅಂತ ನೋಡೋದು ಸುಲಭ. ಅದಕ್ಕೇ ಎಷ್ಟೋ ಮಕ್ಕಳು ಅದೊಂದನ್ನೇ ಹಿಡಿದುಕೊಂಡಿರುತ್ತಾರೆ. ಆದರೆ ಕಾಗದ ಹರಿದರೆ ವಾಪಸ್ ಬರುತ್ತಾ? ಕೊಬ್ಬರಿ ತುರಿದರೆ? ಬರಲ್ಲ. ಆದರೂ ತುರಿದ ಕೊಬ್ಬರಿ ಕೊಬ್ಬರಿಯೇ ಅಲ್ವಾ? ಕೇಳಬೇಕಾದ ಪ್ರಶ್ನೆ ಬೇರೆ: ಹೊಸ ವಸ್ತು ಹುಟ್ಟಿತಾ? ಹುಟ್ಟಿದರೆ ರಾಸಾಯನಿಕ, ಇಲ್ಲದಿದ್ದರೆ ಭೌತ.

ಭಟ್ಟಿಯಲ್ಲಿ ಏನಾಗುತ್ತದೆ ಅಂತ ನಿಮ್ಮ ಯಜಮಾನರಿಗೆ ನನಗಿಂತ ಚೆನ್ನಾಗಿ ಗೊತ್ತು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರೇ ಹೇಳಲಿ. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ಕಾಳಿನೊಳಗಿರುವ ಚೂರು ನೀರು ಆವಿಯಾಗುತ್ತದೆ. ನೀರು ಆವಿಯಾದರೆ ಅದಕ್ಕೆ 1,600 ಪಟ್ಟಿಗಿಂತ ಜಾಸ್ತಿ ಜಾಗ ಬೇಕು. ಮೆಲ್ಲಗೆ ಕಾಯಿಸಿದರೆ ಆವಿ ಸುಮ್ನೆ ಹೊರಗೆ ಹೋಗುತ್ತದೆ, ಕಾಳು ಉಬ್ಬಲ್ಲ. ಮರಳು ಎಲ್ಲಾ ಕಡೆಯಿಂದ ಒಮ್ಮೆಲೇ ಬಿಸಿ ಮುಟ್ಟಿಸುವುದರಿಂದ ಆವಿಗೆ ಹೋಗಲು ಪುರಸೊತ್ತಿಲ್ಲ. ಮೆತ್ತಗಾದ ಕಾಳನ್ನು ಅದು ಒಳಗಿನಿಂದ ಉಬ್ಬಿಸುತ್ತದೆ. ಇಲ್ಲಿ ಕೆಲಸ ಮಾಡಿದ್ದು ನೀರು. ಅದು ಆವಿಯಾದರೂ ನೀರೇ.

ಅಕ್ಕಿಯಲ್ಲಿ ಹೆಚ್ಚಾಗಿ ಇರುವ ಪಿಷ್ಟ? ಅದೂ ಉಳಿದಿದೆ. ಪಿಷ್ಟ ಇದ್ದಲ್ಲಿ ಅಯೋಡಿನ್ ಕಪ್ಪುನೀಲಿ ಬಣ್ಣ ಕೊಡುತ್ತದೆ. ಔಷಧಿ ಅಂಗಡಿಯಿಂದ ಅಯೋಡಿನ್ ದ್ರಾವಣ ತನ್ನಿ. ನೀರು ಬೆರೆಸಿ ತೆಳು ಮಾಡಿ. ಒಂದು ತೊಟ್ಟು ಅನ್ನದ ಮೇಲೆ, ಒಂದು ಮಂಡಕ್ಕಿ ಮೇಲೆ, ಒಂದು ಸಕ್ಕರೆ ಮೇಲೆ ಹಾಕಲಿ. ಅನ್ನ, ಮಂಡಕ್ಕಿ ಎರಡೂ ಕಪ್ಪುನೀಲಿ ಆಗುತ್ತವೆ. ಸಕ್ಕರೆ ಆಗಲ್ಲ. ಸಕ್ಕರೆ ಬಿಡಬೇಡಿ. ಅದಿಲ್ಲದಿದ್ದರೆ ಅಯೋಡಿನ್ ಎಲ್ಲಕ್ಕೂ ಹಾಗೇ ಬಣ್ಣ ಕೊಡುತ್ತದೇನೋ ಅಂತ ಮಗು ಅಂದುಕೊಳ್ಳಬಹುದು. ಅಯೋಡಿನ್ ಹಾಕಿದ್ದನ್ನು ತಿನ್ನಬಾರದು, ಬಿಸಾಡಿ.

ಅಷ್ಟು ಬಿಸಿಗೆ ಪಿಷ್ಟ ಒಂದಿಷ್ಟು ಒಡೆಯುತ್ತದೆ, ಅದೂ ನಿಜ. ಅಲ್ಲಲ್ಲಿ ಕಂದಿದ ಮಂಡಕ್ಕಿ ಸಿಗುತ್ತದಲ್ಲ, ಆ ಕಂದು ಬಣ್ಣ ರಾಸಾಯನಿಕ ಬದಲಾವಣೆಯೇ. ಆದರೆ ಉಬ್ಬಿದ್ದು ಭೌತ ಬದಲಾವಣೆ. ಒಂದೇ ಬಾಣಲೆಯಲ್ಲಿ ಎರಡೂ ನಡೆಯಬಹುದು. ಉತ್ತರದ ಜೊತೆಗೆ ಈ ಕಾರಣವನ್ನೂ ಬರೆಯೋದು ಅವಳು ರೂಢಿ ಮಾಡಿಕೊಳ್ಳಲಿ. ನನಗೆ ಒಂದು ಅಂಕಕ್ಕಿಂತ ಅದೇ ಮುಖ್ಯ.

ಬೆಣ್ಣೆ ದೋಸೆ ಹಿಟ್ಟಿನ ಬಗ್ಗೆಯೂ ಅವಳನ್ನು ಕೇಳಿ. ರಾತ್ರಿ ಕಲಸಿಟ್ಟ ಹಿಟ್ಟು ಬೆಳಿಗ್ಗೆ ಉಬ್ಬಿರುತ್ತದೆ, ಹುಳಿಯೂ ಆಗಿರುತ್ತದೆ. ಅಲ್ಲಿ ಸೂಕ್ಷ್ಮಜೀವಿಗಳು ಆಮ್ಲವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಹೊಸದಾಗಿ ಮಾಡಿವೆ. ಎರಡೂ ಉಬ್ಬಿದ್ದೇ, ಆದರೆ ಉತ್ತರ ಬೇರೆ.

ಪ್ರಶ್ನೆ: ನಾನು ಎಂಟನೇ ತರಗತಿ. ಮಾರಿಕಣಿವೆ ಡ್ಯಾಮಿನ ಗೋಡೆ ಕೆಳಗೆ ಯಾಕೆ ಅಷ್ಟು ದಪ್ಪ? ನೀರು ಅಷ್ಟು ದೂರ ಹರಡಿಕೊಂಡಿರುವುದಕ್ಕಾ?
– ಒಬ್ಬ ವಿದ್ಯಾರ್ಥಿ, ಹಿರಿಯೂರು

ಉತ್ತರ: ಹರಡಿಕೊಂಡಿದ್ದಕ್ಕಲ್ಲ ಮರಿ, ಆಳಕ್ಕೆ. ನೀರಿನ ಒತ್ತಡ ಆಳದ ಜೊತೆ ಏರುತ್ತದೆ. ಸುಮಾರು 10 ಮೀಟರ್ ಇಳಿದರೆ ನಮ್ಮ ಮೇಲಿರುವ ಗಾಳಿಯ ಒತ್ತಡದಷ್ಟೇ ಮತ್ತೊಂದು ಒತ್ತಡ ಸೇರುತ್ತದೆ. 1907ರಲ್ಲಿ ವೇದಾವತಿಗೆ ಕಟ್ಟಿ ಮುಗಿಸಿದ ಈ ಅಣೆಕಟ್ಟೆಯ ಪೂರ್ತಿ ಮಟ್ಟ 130 ಅಡಿ, ಅಂದರೆ ಸುಮಾರು 40 ಮೀಟರ್. ಅಷ್ಟು ಆಳದಲ್ಲಿ ಎಷ್ಟು ಸೇರುತ್ತದೆ, ನೀನೇ ಲೆಕ್ಕ ಹಾಕು. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಗೋಡೆಯ ಬುಡ ತಡೆದದ್ದು ಅದನ್ನೇ.

ಪ್ಲಾಸ್ಟಿಕ್ ಬಾಟಲಿಗೆ ಒಂದೇ ಮೊಳೆಯಿಂದ ಮೇಲೆ, ಮಧ್ಯೆ, ಕೆಳಗೆ ತೂತು ಮಾಡಿ ಟೇಪ್ ಅಂಟಿಸು. ನೀರು ತುಂಬಿಸಿ, ಮುಚ್ಚಳ ಹಾಕದೆ ಟೇಪ್ ಕೀಳು. ಬಾಟಲಿಯನ್ನು ನೆಲದ ಮೇಲಿಡಬೇಡ, ಜಗಲಿ ಅಂಚಿನಲ್ಲಿಡು. ನೆಲದ ಮೇಲಿಟ್ಟರೆ ಕೆಳಗಿನ ಧಾರೆ ಬೇಗ ನೆಲಕ್ಕೆ ತಾಗಿಬಿಡುತ್ತದೆ. ಆಗ ಮಧ್ಯದ್ದೇ ದೂರ ಹೋದಂತೆ ಕಂಡು ಗೊಂದಲ ಆಗುತ್ತದೆ.